ಕುಸ್ವಾರ ಹೋಯಿತು, ಜಿಯಾವ್‌ಜಿ ಬಂತು

ಮೊದಲು ಹೋದದ್ದು ನಮ್ಮ ಕುಸ್ವಾರದ ತಟ್ಟೆಯೋ, ಮೊದಲು ಬಂದದ್ದು ಎದುರುಮನೆಯ ಜಿಯಾವ್‌ಜಿಯೋ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಹೆಂಡತಿಯದು ಒಂದು ಪಕ್ಷ, ಅತ್ತೆಯದು ಇನ್ನೊಂದು. ನಾನು ಯಾವ ಪಕ್ಷವೆಂದು ಕೇಳಿದರೆ, ಯಾರು ಎದುರಿಗಿದ್ದಾರೆ ಎಂಬುದನ್ನು ಅವಲಂಬಿಸಿದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿಯ ಮಾತು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಸಾಕ್ಷಿ ನೀನೇ ಆಗಿದ್ದರೆ ಇನ್ನೂ ನಂಬಬೇಡ ಎಂಬುದನ್ನು ಮದುವೆಯಾದ ಮೇಲೆ ಕಲಿತೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಊಟದ ಮೇಜಿನಲ್ಲಿ ಹೇಳಿ ಹೇಳಿ ನಯವಾದದ್ದು ಎಂದು ಖಚಿತವಾಗಿ ಹೇಳಲಾರೆ. ಸದ್ಯಕ್ಕೆ ಅತ್ತೆಯ ಪಾಠವನ್ನೇ ಇಟ್ಟುಕೊಳ್ಳುತ್ತೇನೆ. ಇದನ್ನು ಓದುವವರು ಅವರು.

ಸಂಶಯವಿಲ್ಲದ ಸಂಗತಿಗಳು ಇಷ್ಟು. ಆ ಡಿಸೆಂಬರಿನಲ್ಲಿ ಹೆಂಡತಿಗೆ ಏಳನೇ ತಿಂಗಳು. ಅವಳು ನರ್ಸು. ರಕ್ತದೊತ್ತಡ ಏರಿದ್ದರಿಂದ, ನಾಲ್ಕು ಜನರನ್ನು ಮಲಗಿಸಿ ಅಭ್ಯಾಸವಿದ್ದವಳನ್ನೇ ಡಾಕ್ಟರು ಮನೆಯಲ್ಲಿ ಮಲಗಿಸಿದ್ದರು. ನಾನು ಜೆಬೆಲ್ ಅಲಿಯ ಒಂದು ಶೀತಲ ಗೋದಾಮಿನಲ್ಲಿ ಮೀನು, ಮಾಂಸ, ಐಸ್‌ಕ್ರೀಮು ಸರಿಯಾದ ಚಳಿಯಲ್ಲಿವೆಯೇ ಎಂದು ನೋಡುವ ಕೆಲಸದವನು. ಒಳಗೆ ಹೋದರೆ ಫೋನ್ ಸತ್ತಂತೆ. ಮನೆ ಇದ್ದದ್ದು ಅಲ್ ನಹ್ದಾದಲ್ಲಿ, ಶಾರ್ಜಾದ ಅಂಚಿಗೆ. ಅಂದರೆ ನನ್ನ ಮತ್ತು ಹೆಂಡತಿಯ ನಡುವೆ ಹಗಲು ಹೊತ್ತು ಇಡೀ ದುಬೈ ಮತ್ತು ಅದರ ಎಲ್ಲ ಟ್ರಾಫಿಕ್ಕು.

ಅತ್ತೆ ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಜನವರಿಯಲ್ಲಿ ಅವರ ಮಗನ ಮದುವೆ, ಅದಕ್ಕೆ ಹೋಗಲೇಬೇಕು. ಫೆಬ್ರುವರಿ ಕೊನೆಗೆ ಹೆರಿಗೆ. ಅದಕ್ಕೆ ತಿರುಗಿ ಬರಲೇಬೇಕು. ನಡುವೆ ಒಂದಷ್ಟು ವಾರ ಯಾರೂ ಇಲ್ಲ. ಆ ವಾರಗಳೇ ಅತ್ತೆಯ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು.

"ಆಗ ಹಗಲು ಹೊತ್ತು ಏನಾದ್ರೂ ಆದ್ರೆ ಬಾಗಿಲು ತಟ್ಟುವವರು ಯಾರು?" ಎಂದು ಅವರು ಬಂದ ದಿನವೇ ಕೇಳಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಕನ್ನಡದಲ್ಲಿ ಬರೆದರೂ ಅವರ ದನಿ ಕೇಳುತ್ತಿದೆ.

"ಆಂಬುಲೆನ್ಸ್ ಉಂಟಲ್ಲ ಮಾಂಯ್," ಎಂದೆ. ಅತ್ತೆಗೆ ನಾವು ಮಾಂಯ್ ಎನ್ನುತ್ತೇವೆ.

"ಅದಕ್ಕೆ ಫೋನ್ ಮಾಡುವವರು?"

"ಇವಳೇ."

"ಇವಳು ಬಿದ್ದಿದ್ರೆ?"

ನಾನು ಸಂಭವನೀಯತೆಯ ಬಗ್ಗೆ ಏನೋ ಹೇಳಿದೆ. ಅತ್ತೆ ನನ್ನನ್ನು ನೋಡಿದ ರೀತಿಯಲ್ಲಿ ಯಾರೂ ಸಂಭವನೀಯತೆಯನ್ನು ನೋಡಬಾರದು.

ಮರುದಿನದಿಂದ ಅವರು ಬಾಗಿಲು ತೆರೆದು, ಹೊಸ್ತಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆಳ್ಳುಳ್ಳಿ ಸುಲಿಯುತ್ತಾ ಕಾರಿಡಾರನ್ನು ಅಧ್ಯಯನ ಮಾಡಿದರು. ನಾವು ಅಲ್ಲಿ ಮೂರು ವರ್ಷ ಇದ್ದರೂ ಯಾರ ಮುಖವೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾಗಿಲ ಮುಂದಿನ ಚಪ್ಪಲಿಗಳು ಮಾತ್ರ. ವಾರದೊಳಗೆ ಅತ್ತೆಯ ವರದಿ ಸಿದ್ಧವಾಯಿತು. ಲಿಫ್ಟಿನ ಪಕ್ಕದವರು ಬ್ಯಾಚುಲರ್‌ಗಳು, ಹಗಲು ಇರುವುದಿಲ್ಲ, ಇದ್ದರೂ ಪ್ರಯೋಜನವಿಲ್ಲ. ಮೂಲೆಯವರು ರಜೆಗೆ ಊರಿಗೆ ಹೋಗುವವರು. ಮಧ್ಯಾಹ್ನದವರೆಗೆ ಮನೆಯಲ್ಲೇ ಇರುವವಳು ಒಬ್ಬಳೇ: ಎದುರಿನ ಬಾಗಿಲಿನ ಚೀನೀ ಹೆಂಗಸು. ಚೀನಾ ಮಾರ್ಕೆಟ್ಟಿನ ಲ್ಯಾಂಪ್ ಅಂಗಡಿಯಲ್ಲಿ ಸಂಜೆ ಪಾಳಿ. ಗಂಡ ಎಲ್ಲೋ ಮರಳುಗಾಡಿನ ಸೈಟಿನಲ್ಲಿ, ವಾರಕ್ಕೊಮ್ಮೆ ಬರುತ್ತಾನೆ.

"ಇದನ್ನೆಲ್ಲ ಯಾರು ಹೇಳಿದ್ರು?"

"ನಾತೂರ್," ಎಂದರು ಅತ್ತೆ, ಹುಟ್ಟಿನಿಂದ ಗಲ್ಫಿನಲ್ಲಿ ಇದ್ದವರ ಹಾಗೆ. ನಾತೂರ್ ಎಂದರೆ ಬಿಲ್ಡಿಂಗಿನ ವಾಚ್‌ಮನ್. ಮೂರು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಒಟ್ಟು ಮಾತು 'ಪಾರ್ಕಿಂಗ್ ಮಾಫಿ', ಅಂದರೆ ಜಾಗ ಇಲ್ಲ.

ಆದರೆ ಚಪ್ಪಲಿ ನೋಡಿ ಪರಿಚಯವಾಗುವುದಿಲ್ಲವಲ್ಲ. ಪರಿಚಯವಾದದ್ದು ಸೂಪರ್ ಮಾರ್ಕೆಟ್ಟಿನ ಹಂದಿಮಾಂಸದ ಕೋಣೆಯಲ್ಲಿ. ಇಲ್ಲಿ ಅದು ಅಂಗಡಿಯ ಹಿಂಬದಿಗೆ, ಬೇರೆ ಬಾಗಿಲು ಇರುವ ಚಿಕ್ಕ ಕೋಣೆ. ಮುಸ್ಲಿಮರಲ್ಲದವರಿಗೆ ಮಾತ್ರ ಎಂಬ ಬೋರ್ಡು. ಕದ್ದು ಸಾರಾಯಿ ಕುಡಿಯಲು ಹೋದಂಥ ಮುಖ ಮಾಡಿಕೊಂಡು ಎಲ್ಲರೂ ಒಳಗೆ ಹೋಗುತ್ತಾರೆ. ಕ್ರಿಸ್ಮಸ್ಸಿಗೆ ಮಾಂಸ ಕೊಳ್ಳಲು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಎದುರುಮನೆಯಾಕೆ, ಕೈಯಲ್ಲಿ ಕೊಬ್ಬಿರುವ ಒಂದು ದೊಡ್ಡ ತುಂಡು ಹಿಡಿದು ತೂಗಿ ನೋಡುತ್ತಿದ್ದಳು. ಅತ್ತೆ ಆ ತುಂಡು ನೋಡಿದರು. ತಲೆ ಅಲ್ಲಾಡಿಸಿದರು. ಅದನ್ನು ಆಕೆಯ ಕೈಯಿಂದ ತೆಗೆದು ಒಳಗಿಟ್ಟು, ಬೇರೊಂದು ತುಂಡು ಆರಿಸಿ ಕೊಟ್ಟರು. ನಾನು ನೆಲ ಬಿರಿಯಲಿ ಎಂದುಕೊಂಡೆ. ಆಕೆ ಹೊಸ ತುಂಡನ್ನು ಒತ್ತಿ ನೋಡಿ, ಹೆಬ್ಬೆಟ್ಟು ಎತ್ತಿ, "ಗುಡ್, ಆಯೀ, ಗುಡ್!" ಎಂದಳು. ಅವರ ಭಾಷೆಯಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನು ಹಾಗೆ ಕರೆಯುತ್ತಾರಂತೆ.

ಕಾರಿನಲ್ಲಿ ಅತ್ತೆ ಘೋಷಿಸಿದರು: "ಅವಳು ಕ್ಯಾಥೊಲಿಕ್."

"ಹೇಗೆ ಗೊತ್ತು?"

"ಕ್ರಿಸ್ಮಸ್ಸಿಗೆ ಹಂದಿ ತಗೊಂಡ್ಲಲ್ಲ."

"ಮಾಂಯ್, ಚೀನಾದವರು ಎಲ್ಲ ದಿನವೂ ಹಂದಿ ತಿಂತಾರೆ. ಕ್ಯಾಥೊಲಿಕರು ಹಂದಿ ತಿಂತಾರೆ ಅಂದ್ರೆ ಹಂದಿ ತಿನ್ನುವವರೆಲ್ಲ ಕ್ಯಾಥೊಲಿಕರು ಅಂತ ಆಗುವುದಿಲ್ಲ."

"ನೀನು ಕ್ಯಾಥೊಲಿಕ್, ಇಗರ್ಜಿಗೆ ಹೋಗುವುದಿಲ್ಲ. ಅವಳು ಹಂದಿಯಾದ್ರೂ ತಗೊಂಡ್ಲು," ಎಂದರು. ತರ್ಕ ಅಲ್ಲಿಗೆ ಮುಗಿಯಿತು.

ಆಮೇಲೆ ಎದುರಿನ ಬಾಗಿಲಿನ ಎರಡು ಪಕ್ಕಕ್ಕೂ ಉದ್ದನೆಯ ಕೆಂಪು ಕಾಗದದ ಪಟ್ಟಿಗಳು ಬಂದವು. ಮೇಲಿನಿಂದ ಕೆಳಗೆ ಕಪ್ಪು ಶಾಯಿಯ ದಪ್ಪ ಅಕ್ಷರಗಳು. ಅದು ಅವರ ಹೊಸವರ್ಷದ ಅಲಂಕಾರ, ಬೇಗ ಅಂಟಿಸಿದ್ದಾಳೆ ಎಂದು ನಾನು ವಿದ್ವಾಂಸನ ಹಾಗೆ ಹೇಳಿದೆ. ಅಂಗಡಿಯ ಸೇಲ್ ಇರಬಹುದು ಎಂದಳು ಹೆಂಡತಿ. ಅತ್ತೆ ನೇರ ಹೋಗಿ ಬೆಲ್ ಒತ್ತಿ, ಪಟ್ಟಿ ತೋರಿಸಿ, ಎರಡೂ ಕೈ ಅಗಲಿಸಿ ಎಂತ ಎಂದು ಕೇಳಿದರು. ಆಕೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು: ಉತ್ತರ ಚೀನಾದ ಒಂದು ಹಳ್ಳಿ, ಹಿಮ, ಸಾಲು ಮನೆಗಳು, ಪ್ರತಿ ಬಾಗಿಲಿಗೂ ಇಂಥದೇ ಕೆಂಪು ಪಟ್ಟಿ, ಕೊನೆಯಲ್ಲಿ ಶಿಲುಬೆ ಹೊತ್ತ ಗೋಪುರ. "ಜೀಸಸ್ ಬರ್ತ್‌ಡೇ. ಮೈ ವಿಲೇಜ್, ಎವ್ರಿ ಡೋರ್," ಎಂದಳು.

ಅತ್ತೆ ತಿರುಗಿ ನನ್ನ ಕಡೆ ನೋಡಿದರು.

ಅದೇ ವಾರ ಕುಸ್ವಾರ ತಯಾರಾಯಿತು. ನಮ್ಮ ಕರಾವಳಿಯ ಕ್ಯಾಥೊಲಿಕರ ಕ್ರಿಸ್ಮಸ್ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿ ಕರಿದ ಅರ್ಧಚಂದ್ರದ ನೆವ್ರಿ, ಬಾಚಣಿಗೆಯ ಮೇಲೆ ಉಜ್ಜಿ ಸುರುಳಿ ಮಾಡಿದ ಕಿಡಿಯೊ, ಹಲ್ಲಿಗೆ ಸವಾಲು ಹಾಕುವ ಗುಳಿಯೊ. ಇವುಗಳನ್ನು ತಟ್ಟೆಯಲ್ಲಿ ಜೋಡಿಸಿ ನೆರೆಮನೆಗಳಿಗೆ ಹಂಚದೆ ಹಬ್ಬವಾಗುವುದಿಲ್ಲ. ಅತ್ತೆ ಅದಕ್ಕೆಂದೇ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಒಂದು ಸ್ಟೀಲ್ ತಟ್ಟೆ ತಂದಿದ್ದರು, ಅಂಚಿನಲ್ಲಿ ಮಾವನ ಹೆಸರಿನ ಮೊದಲಕ್ಷರಗಳನ್ನು ಚುಕ್ಕೆ ಚುಕ್ಕೆಯಾಗಿ ಹೊಡೆಸಿದ್ದು. ದುಬೈಯಲ್ಲಿ ತಟ್ಟೆ ಸಿಗುವುದಿಲ್ಲವೇ ಎಂದರೆ, "ಪ್ಲಾಸ್ಟಿಕ್‌ನಲ್ಲಿ ಕೊಟ್ರೆ ಬಿಸಾಡ್ತಾರೆ. ಹೆಸರಿದ್ದದ್ದನ್ನು ತಿರುಗಿ ತಂದು ಕೊಡ್ಲೇ ಬೇಕು," ಎಂದರು.

ತಟ್ಟೆ ಹೊತ್ತು ಎದುರುಮನೆಗೆ ಹೋದವನು ನಾನು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ನೆವ್ರಿಯೊಂದನ್ನು ಎತ್ತಿ ಅದರ ಅಂಚಿನ ಮಡಿಕೆಗಳನ್ನು ನೋಡಿದಳು, ಹಳೆಯ ಪರಿಚಯದವರನ್ನು ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಂತೆ.

ಕೊಟ್ಟ ತಟ್ಟೆ ಖಾಲಿ ತಿರುಗಿ ಬರಬಾರದು ಎಂಬುದು ನಮ್ಮಲ್ಲಿ ಕಾನೂನು. ಆದರೆ ಅದಕ್ಕೊಂದು ಮಿತಿ ಇದೆ. ಒಂದು ಚಮಚ ಸಕ್ಕರೆ ಹಾಕಿದರೆ ಸಾಕು. ಹೆಚ್ಚೆಂದರೆ ಎರಡು ಬಾಳೆಹಣ್ಣು. ಎದುರುಮನೆಯಾಕೆಗೆ ಈ ಮಿತಿ ಯಾರೂ ಹೇಳಿರಲಿಲ್ಲ. ಮರುದಿನ ತಟ್ಟೆ ಬಂತು, ಗೋಪುರದಂತೆ ಜಿಯಾವ್‌ಜಿ ಹೊತ್ತುಕೊಂಡು. ಮೈದಾ ಹಿಟ್ಟಿನ ತೆಳು ಹಾಳೆಯಲ್ಲಿ ಹಂದಿಮಾಂಸ, ಎಲೆಕೋಸು ತುಂಬಿ, ಅರ್ಧಚಂದ್ರಕ್ಕೆ ಮಡಚಿ ನೀರಿನಲ್ಲಿ ಬೇಯಿಸಿದ ಕಡುಬು. ಜೊತೆಗೆ ಬಟ್ಟಲಲ್ಲಿ ಕಪ್ಪು ವಿನೆಗರ್. ಅಂದು ವರ್ಷದ ಅತಿ ಚಿಕ್ಕ ಹಗಲು. ಆಕೆ ತನ್ನ ಎರಡೂ ಕಿವಿ ಹಿಡಿದು, "ಟುಡೇ ನೋ ಈಟ್, ಇಯರ್ ಫಾಲ್!" ಎಂದು ಕಿವಿಗಳು ನೆಲಕ್ಕೆ ಬೀಳುವುದನ್ನು ಅಭಿನಯಿಸಿ ತೋರಿಸಿದಳು. ಆ ದಿನ ಜಿಯಾವ್‌ಜಿ ತಿನ್ನದವರ ಕಿವಿ ಚಳಿಗೆ ಉದುರುತ್ತವೆ ಎಂದು ಅವರ ಕಡೆ ಮಕ್ಕಳಿಗೆ ಹೆದರಿಸುತ್ತಾರಂತೆ.

"ಇಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದೇವೆ," ಎಂದೆ ನಾನು, ಬಾಗಿಲು ಮುಚ್ಚಿದ ಮೇಲೆ.

ಅತ್ತೆ ಒಂದು ಕೈಯಿಂದ ತಮ್ಮ ಚಿನ್ನದ ಓಲೆ ಮುಟ್ಟಿಕೊಂಡು, ಇನ್ನೊಂದು ಕೈಯಿಂದ ಜಿಯಾವ್‌ಜಿ ಬಾಯಿಗೆ ಹಾಕಿಕೊಂಡರು. "ಸುಮ್ಮನೆ ಯಾಕೆ ರಿಸ್ಕ್?" ಎಂದರು.

ಇಷ್ಟು ದೊಡ್ಡದು ಬಂದ ಮೇಲೆ ಅದು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ, ಹೊಸ ಉಡುಗೊರೆಯೇ ಆಯಿತು ಎಂದು ಅತ್ತೆ ತೀರ್ಪು ಕೊಟ್ಟರು. ತಟ್ಟೆ ತೊಳೆದು, ಅದರಲ್ಲಿ ಚಕ್ಕುಲಿ ತುಂಬಿ ಕಳಿಸಿದರು. ಅದಕ್ಕೆ ಉತ್ತರವಾಗಿ ಹೂವಿನಾಕಾರದ ಬಿಳಿ ಬನ್ನು ಬಂತು, ಪ್ರತಿ ಎಸಳಿಗೂ ಕೆಂಪು ಒಣಹಣ್ಣು ಚುಚ್ಚಿದ್ದು. "ನಮ್ಮ ಸಾನ್ನಾಂಗೆ ಯಾರೋ ಮುತ್ತು ಪೋಣಿಸಿದ ಹಾಗೆ ಉಂಟು," ಎಂದು ಅತ್ತೆ ಮೆಚ್ಚಿದರು. ಅಕ್ಕಿಹಿಟ್ಟನ್ನು ಹುಳಿ ಬರಿಸಿ ಹಬೆಯಲ್ಲಿ ಉಬ್ಬಿಸುವ ನಮ್ಮ ಬಿಳಿ ಇಡ್ಲಿಯೇ ಸಾನ್ನಾಂ. ಮೆಚ್ಚಿದ ಮೇಲೆ ಕಪ್ಪು ದ್ರಾಕ್ಷಿಯ ಕೇಕು ಹೋಯಿತು.

ಕ್ರಿಸ್ಮಸ್ ಹಿಂದಿನ ಸಂಜೆ ಒಂದು ಸಣ್ಣ ಯುದ್ಧವಾಯಿತು. ಆಕೆ ಬಂದು ನನ್ನ ಹೆಂಡತಿಯ ಕೈಗೆ ಬಣ್ಣದ ಹೊಳೆಯುವ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಒಂದೇ ಒಂದು ಸೇಬು ಕೊಟ್ಟು ಹೋದಳು. ಅತ್ತೆಯ ಮುಖ ಕಪ್ಪಿಟ್ಟಿತು.

"ಒಂದು ಆ್ಯಪಲ್! ನಮ್ಮಲ್ಲಿ ಆ್ಯಪಲ್ ಯಾವಾಗ ಕೊಡುವುದು ಗೊತ್ತುಂಟಲ್ಲ? ಆಸ್ಪತ್ರೆಯಲ್ಲಿ ಮಲಗಿದವರಿಗೆ! ಬಸುರಿ ಹೆಂಗಸಿನ ಕೈಗೆ!"

"ಮಮ್ಮಿ, ನಾನು ಮಲಗಿಯೇ ಇದ್ದೇನಲ್ಲ," ಎಂದಳು ಹೆಂಡತಿ, ಸೇಬು ಕಚ್ಚುತ್ತಾ.

ನಾನು ಫೋನಿನಲ್ಲಿ ಹುಡುಕಿದೆ. ಚೀನಾದಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆ ಸೇಬು ಕೊಡುವುದು ಈಚಿನ ವಾಡಿಕೆ, ವರ್ಷವಿಡೀ ನೆಮ್ಮದಿಯಿರಲಿ ಎಂಬ ಹಾರೈಕೆ ಎಂದು ಓದಿ ಹೇಳಿದೆ. ಅತ್ತೆಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಇನ್ನೊಂದು ಸಮಸ್ಯೆ ಎದ್ದಿತು: ಸೇಬು ತಟ್ಟೆಯಿಲ್ಲದೆ ಬಂದಿದೆ, ತಟ್ಟೆಯಿಲ್ಲದ್ದಕ್ಕೆ ಉತ್ತರ ಕೊಡುವುದು ಹೇಗೆ? ಕಾನೂನಿನಲ್ಲಿ ಅವಕಾಶವಿರಲಿಲ್ಲ. ಕೊನೆಗೆ ಅತ್ತೆಯೇ ಹೋಗಿ ಆಕೆಯ ಕೆನ್ನೆ ಸವರಿ, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಬಂದರು. ಆಕೆ ಕಣ್ಣು ಮುಚ್ಚಿ ನಿಂತಿದ್ದಳು. ಅದನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ಹೊತ್ತಿಗೆ ನಾನು ಸ್ನಾನದ ಮನೆಯಲ್ಲಿದ್ದೆ ಎಂದು ಹೆಂಡತಿ ಹೇಳುತ್ತಾಳೆ.

ಕ್ರಿಸ್ಮಸ್ ದಿನ ಬೆಳಿಗ್ಗೆ ಕೇಕಿನ ತಟ್ಟೆ ತಿರುಗಿ ಬಂತು, ಮತ್ತೆ ಜಿಯಾವ್‌ಜಿ. ಪೂಜೆ ಮುಗಿಸಿ ಬಂದು ಇದನ್ನು ತಿಂದರೇ ಅವರ ಹಳ್ಳಿಯಲ್ಲಿ ಹಬ್ಬವಂತೆ. ಅರ್ಧ ನಾವು ತಿಂದೆವು. ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು, ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಮಲಗಿಸಿ ಅಬುಧಾಬಿಗೆ ಹೋದೆವು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅತ್ತೆಯ ಅಕ್ಕ ಇದ್ದಾರೆ. ಹಬ್ಬದ ಊಟ ಯಾವಾಗಲೂ ಅಲ್ಲೇ.

ದೊಡ್ಡತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. "ಇದೆಂತ ಇದು? ನೆವ್ರಿಯನ್ನು ಬೇಯಿಸಿದ್ದಾ? ದುಬೈಯಲ್ಲಿ ಎಣ್ಣೆ ಮುಗಿದಿದೆಯಾ?"

"ಚೀನಾದ್ದು," ಎಂದರು ಅತ್ತೆ.

"ಅಯ್ಯೋ ದೇವರೇ! ಅವರು ಎಂತೆಂತದೋ ತಿಂತಾರೆ. ಒಳಗೆ ಎಂತ ಉಂಟು?"

"ಹಂದಿ."

"ಅದನ್ನು ಮೊದಲೇ ಹೇಳ್ಬೇಕಲ್ಲ ಮಾರಾಯ್ತಿ. ಇತ್ತ ಕೊಡು."

ವಿನೆಗರನ್ನು ಪಕ್ಕಕ್ಕಿಟ್ಟು ಅವರು ಜಿಯಾವ್‌ಜಿಯನ್ನು ಹಂದಿ ಪದಾರ್ಥದ ಖಾರದ ಗಸಿಯಲ್ಲಿ ಅದ್ದಿದರು. ಹಂದಿಯೊಳಗೆ ಹಂದಿ. ಡಬ್ಬಿ ಖಾಲಿಯಾಗುವವರೆಗೆ ಯಾರೂ ಚೀನಾದ ಬಗ್ಗೆ ಕೆಟ್ಟ ಮಾತು ಆಡಲಿಲ್ಲ. ಖಾಲಿಯಾದ ಮೇಲೆ ದೊಡ್ಡತ್ತೆ ತಂಗಿಯ ಕಡೆ ತಿರುಗಿದರು. "ಇಷ್ಟು ಕೊಟ್ಟಿದ್ದಾಳೆ ಅಂದ್ರೆ ನೀನು ಸೋತೆ. ಮೂರು ರಾಯರ ಹಬ್ಬದ ಒಳಗೆ ನಿಲ್ಲಿಸು. ನೀನು ಮುದುಕಿ, ಅವಳು ಹುಡುಗಿ, ಅವಳ ಕೈ ನಿಲ್ಲುವುದಿಲ್ಲ."

"ಆಟ ಇನ್ನೂ ಮುಗಿಯಲಿಲ್ಲ," ಎಂದರು ಅತ್ತೆ.

ಇದು ಪಂದ್ಯವೆಂದು ನಾನು ಪೂರ್ತಿ ನಂಬಿದ್ದು ಆಗ. ಹೊಸವರ್ಷ ಬಂತು, ಜನವರಿ ಆರರ ಮೂರು ರಾಯರ ಹಬ್ಬವೂ ಹೋಯಿತು. ಕಡಲೆಬೀಜದ ಮಿಠಾಯಿಗೆ ರವೆ ಉಂಡೆ, ಹುರಿದ ನೂಡಲ್ಸಿಗೆ ಪತ್ರೊಡೆ. ನಮ್ಮ ಫ್ರಿಜ್ಜಿನಲ್ಲಿ ನೀರಿಗೆ ಜಾಗವಿರಲಿಲ್ಲ. ನನ್ನ ಪ್ಯಾಂಟಿನಲ್ಲಿ ನನಗೇ ಜಾಗವಿರಲಿಲ್ಲ. ಒಂದು ದಿನ ಕಾರಿಡಾರಿನಲ್ಲಿ ತಟ್ಟೆ ಕೊಡುವಾಗ ನಾನೇ ಗುಟ್ಟಾಗಿ ಶಾಂತಿ ಮಾತುಕತೆ ನಡೆಸಿದೆ.

"ಸಿಸ್ಟರ್, ಖಲಾಸ್. ನೋ ಮೋರ್. ಎಂಪ್ಟಿ ಪ್ಲೇಟ್, ನೋ ಪ್ರಾಬ್ಲಮ್."

ಆಕೆಗೆ ಭಯಂಕರ ಆಘಾತವಾಯಿತು. "ಎಂಪ್ಟಿ? ನೋ, ನೋ! ವೆರಿ ಬ್ಯಾಡ್!" ಎಂದು ಕೈ ಬೀಸಿದಳು. ಆಮೇಲೆ ನಮ್ಮ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿ, "ಆಯೀ ವೆರಿ ಸ್ಟ್ರಾಂಗ್. ಬಟ್ ಐ ನೋ ಲೂಸ್," ಎಂದು ನಕ್ಕಳು. ಅಂದರೆ ಅವರಲ್ಲೂ ಅದೇ ಕಾನೂನು. ಎರಡೂ ಕಡೆ ಒಂದೇ ಕಾನೂನು, ಎರಡೂ ಕಡೆ ಮಿತಿಯಿಲ್ಲ. ಇದು ಗಣಿತದಲ್ಲಿ ಅನಂತಕ್ಕೆ ಹೋಗುವ ಜಾತಿಯದು ಎಂದು ಹೆಂಡತಿಗೆ ಹೇಳಿದೆ. ಅವಳು ರವೆ ಉಂಡೆ ತಿನ್ನುತ್ತಿದ್ದಳು.

ಅತ್ತೆ ಹೊರಡುವ ದಿನ ತಟ್ಟೆ ನಮ್ಮ ಕಡೆ ಇತ್ತು. ನಾನು ಅದನ್ನು ತೊಳೆದು ಒರೆಸಿ, ಸೂಟ್‌ಕೇಸಿನ ಪಕ್ಕ ಇಟ್ಟೆ. ಎದುರುಮನೆಯಾಕೆ ಗೆದ್ದಳು, ಪಂದ್ಯ ಮುಗಿಯಿತು, ನನ್ನ ಹೊಟ್ಟೆಗೆ ಬಿಡುಗಡೆ. ಟ್ಯಾಕ್ಸಿ ಕೆಳಗೆ ಬಂದಿತ್ತು. ಅತ್ತೆ ಅಡುಗೆಮನೆಯಿಂದ ಬಿಸಿ ಬಿಸಿ ಪೋಳಿ ತಂದು ತಟ್ಟೆಗೆ ಹಾಕಿದರು. ಅವರು ಯಾವಾಗ ಮಾಡಿದರೋ ಗೊತ್ತಿಲ್ಲ.

"ಇದನ್ನು ಕೊಟ್ಟು ಬಾ, ಪುತಾ."

"ಮಾಂಯ್, ಈಗ ಕೊಟ್ರೆ ತಟ್ಟೆ ಅಲ್ಲೇ ಉಳೀತದೆ. ಮಾವನ ಹೆಸರಿನ ತಟ್ಟೆ!"

"ಉಳೀಲಿ."

"ನೀವು ಊರಿಗೆ ಹೋಗ್ತಿದ್ದೀರಿ!"

"ತಟ್ಟೆ ಅವಳ ಹತ್ರ ಇದ್ರೆ ಅವಳು ಈ ಬಾಗಿಲಿಗೆ ಬರ್ಲೇ ಬೇಕಲ್ಲ," ಎಂದರು ಅತ್ತೆ. ನನ್ನ ಮುಖ ನೋಡಿ, "ನೀನೆಂತ, ನಾವು ಇಷ್ಟು ದಿನ ತಿಂಡಿ ಆಟ ಆಡಿದ್ದು ಅಂತ ಮಾಡಿದ್ದೆಯಾ?" ಎಂದರು.

ಹೆಂಡತಿ ದಿಂಬಿಗೆ ಒರಗಿ ನಗುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ನಾನು ತಟ್ಟೆ ಹಿಡಿದು ಕಾರಿಡಾರು ದಾಟಿದೆ. ಲಿಫ್ಟಿನಲ್ಲಿ ಇಳಿಯುವಾಗ ಅತ್ತೆಗೆ ಹೇಳಿದೆ: ಒಂದು ತಟ್ಟೆಯ ಮೇಲೆ ಮಗಳ ಜವಾಬ್ದಾರಿ ಹೊರಿಸುವುದು ಯೋಜನೆಯಲ್ಲ, ಮೂಢನಂಬಿಕೆ. ಅವಳು ನಾಳೆಯೇ ತಂದುಕೊಟ್ಟರೆ? ಅಥವಾ ತರದೇ ಇದ್ದರೆ? "ನಾಳೆ ತಂದ್ರೆ ನಾಳೆ ನೀನು ಎಂತಾದ್ರೂ ತುಂಬಿಸಿ ಕಳಿಸು," ಎಂದರು. ಎರಡನೆಯ ಪ್ರಶ್ನೆಯ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು, ಅವರು ಟ್ಯಾಕ್ಸಿಯ ಕಡೆ ನಡೆದರು.

ಆಕೆ ನಾಳೆ ತರಲಿಲ್ಲ. ನಾಡಿದ್ದೂ ತರಲಿಲ್ಲ. ಅತ್ತೆ ಮಗನ ಮದುವೆಯ ಗಡಿಬಿಡಿಯ ನಡುವೆ, ಹಿಂದೆ ಬ್ಯಾಂಡಿನವರು ಬಾರಿಸುತ್ತಿರುವಾಗ, ವಿಡಿಯೊ ಕಾಲಿನಲ್ಲಿ ಕೇಳುತ್ತಿದ್ದದ್ದು ಒಂದೇ: "ತಟ್ಟೆ ಬಂತಾ?" ಆಮೇಲೆ ಎದುರಿನ ಬಾಗಿಲಿನ ಕೆಳಗೆ ಬೆಳಕು ಕಾಣುವುದು ನಿಂತಿತು. ನಾತೂರನನ್ನು ಕೇಳಿದರೆ, ಅವರ ಹೊಸವರ್ಷಕ್ಕೆ ಚೀನಾಕ್ಕೆ ಹೋಗಿದ್ದಾರೆ ಎಂದ. ನಾನು ಅತ್ತೆಗೆ ಇದನ್ನು ತಿಳಿಸುವಾಗ ದನಿಯಲ್ಲಿ ಗೆಲುವು ಇರದಂತೆ ನೋಡಿಕೊಂಡೆ. ಅಷ್ಟಾಗಿ ಸಾಧ್ಯವಾಗಲಿಲ್ಲ. ಅವರು, "ಬಾಗಿಲಿಗೆ ಬೋಲ್ಟ್ ಹಾಕಿ ಮಲಗ್ಬೇಡ ಅಂತ ಅವಳಿಗೆ ಹೇಳು," ಎಂದರು. ಗೆಲುವು ನನ್ನ ಬಾಯಲ್ಲಿ ಸಪ್ಪೆಯಾಯಿತು. ಅಂದಿನಿಂದ ನಾನೂ ಆಫೀಸಿಗೆ ಹೊರಡುವಾಗ ಎದುರಿನ ಬಾಗಿಲಿನ ಕೆಳಗೆ ಬೆಳಕು ಇದೆಯೇ ಎಂದು ಬಗ್ಗಿ ನೋಡತೊಡಗಿದೆ.

ಫೆಬ್ರುವರಿಯ ಒಂದು ವಾರದ ದಿನ, ಅತ್ತೆಯ ಟಿಕೆಟ್ಟಿಗೆ ಇನ್ನೂ ಸಮಯವಿರುವಾಗ, ಮಧ್ಯಾಹ್ನ ನಾನು ಶೀತಲ ಕೋಣೆಯಿಂದ ಹೊರಗೆ ಬಂದು ಫೋನ್ ನೋಡಿದರೆ ಪರದೆ ತುಂಬ ಹೆಂಡತಿಯ ಮಿಸ್ಡ್ ಕಾಲ್. ಜಾಕೆಟ್ಟನ್ನೂ ತೆಗೆಯದೆ ಹೊರಟೆ. ಆಸ್ಪತ್ರೆ ಮುಟ್ಟಿದಾಗ ಹೆರಿಗೆ ಕೋಣೆಯ ಹೊರಗಿನ ಕುರ್ಚಿಯಲ್ಲಿ ಎದುರುಮನೆಯಾಕೆ ಕೂತಿದ್ದಳು. ನನ್ನನ್ನೂ ನನ್ನ ಹಿಮಪ್ರದೇಶದ ಜಾಕೆಟ್ಟನ್ನೂ ಮೇಲಿಂದ ಕೆಳಗೆ ನೋಡಿ, ಪಕ್ಕದ ಕುರ್ಚಿ ತಟ್ಟಿ, "ಸಿಟ್. ಶೀ ಸ್ಟ್ರಾಂಗ್, ಲೈಕ್ ಆಯೀ," ಎಂದಳು. ಸ್ವಲ್ಪ ಹೊತ್ತಿ‌ಗೆ ಮಗಳು ಹುಟ್ಟಿದಳು. ಇಬ್ಬರೂ ಕ್ಷೇಮ. ನೀರು ಒಡೆದು, ಒತ್ತಡ ಏರಿ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ ಮಾತನ್ನು ನಾನು ಯಾವ ಅನುಮಾನವೂ ಇಲ್ಲದೆ ನೆನಪಿಟ್ಟುಕೊಂಡಿದ್ದೇನೆ.

ಜಗಳ ಶುರುವಾದದ್ದು ಆಮೇಲೆ. ಹೆಂಡತಿ ಹೇಳುವುದು ಹೀಗೆ: ಅವಳು ಗೋಡೆ ಹಿಡಿದು ನಿಂತು ನನಗೆ ಫೋನ್ ಮಾಡುತ್ತಾ ಇದ್ದಳು, ತಲೆ ತಿರುಗುತ್ತಿತ್ತು, ಆಗ ಬೆಲ್ ಆಯಿತು. ನೀರಿನ ಕ್ಯಾನಿನವನು ಎಂದುಕೊಂಡು ಬಾಗಿಲು ತೆಗೆದರೆ, ಹಿಂದಿನ ರಾತ್ರಿಯಷ್ಟೇ ಚೀನಾದಿಂದ ತಿರುಗಿ ಬಂದ ಎದುರುಮನೆಯಾಕೆ, ಎರಡೂ ಕೈಯಲ್ಲಿ ಮಾವನ ತಟ್ಟೆ ಹಿಡಿದು ನಿಂತಿದ್ದಳು. ಮುಂದಿನದ್ದೆಲ್ಲ ಆಕೆಯೇ ನೋಡಿಕೊಂಡಳು.

ನಾನು ನಂಬಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಜೀವನದಲ್ಲಿ ಏನೂ ಆಗುವುದಿಲ್ಲ. ಹೆಂಡತಿಯೇ ಹೋಗಿ ಬೆಲ್ ಒತ್ತಿರಬೇಕು. ಆ ನೋವಿನಲ್ಲಿ ನೆನಪು ತಿರುವುಮುರುವಾಗಿರಬೇಕು. ತಟ್ಟೆ ಮರುದಿನ ನಮ್ಮ ಅಡುಗೆಮನೆಯಲ್ಲಿ ಇದ್ದದ್ದೇನೋ ನಿಜ. ಆದರೆ ಬಟ್ಟೆ ತರಲು ಆಕೆ ನಮ್ಮ ಕೀ ತೆಗೆದುಕೊಂಡು ಹೋಗಿದ್ದಳು, ಆಗ ಇಟ್ಟಿರಬಹುದು. ಅಷ್ಟರಲ್ಲಿ ಅತ್ತೆ ಈ ಕಥೆಯನ್ನು ಮಂಗಳೂರಿನ ತಮ್ಮ ವಾರ್ಡಿನ ಪ್ರತಿ ಮನೆಗೂ ಹಂಚಿಯಾಗಿತ್ತು. ಅವರ ಪಾಠದಲ್ಲಿ ಜಿಯಾವ್‌ಜಿಯಿಂದ ಇನ್ನೂ ಹಬೆ ಏಳುತ್ತಿತ್ತು. ಮುಂದಿನ ವರ್ಷದ ಪಾಠದಲ್ಲಿ ಆಕೆಗೆ ಕನಸು ಬಿದ್ದಿತ್ತು.

"ನೀನು ಇದ್ದೆಯಾ ಅಲ್ಲಿ?" ಎನ್ನುತ್ತಾಳೆ ಹೆಂಡತಿ, ನಾನು ಪ್ರತಿ ಸಲ ಬಾಯಿ ತೆರೆದಾಗ.

"ಇಲ್ಲದವನೇ ನಿಷ್ಪಕ್ಷಪಾತಿ," ಎನ್ನುತ್ತೇನೆ.

ಎದುರುಮನೆಯಾಕೆ ಎರಡು ವರ್ಷದ ನಂತರ ಗಂಡನ ಜೊತೆ ಊರಿಗೆ ಹೋದಳು. ಹಬ್ಬಕ್ಕೆ ಫೋನಿನಲ್ಲಿ ಶುಭಾಶಯ ಹೋಗುತ್ತದೆ, ಬರುತ್ತದೆ. ಕಳೆದ ಕ್ರಿಸ್ಮಸ್ಸಿಗೆ, ಹೆಂಡತಿಗೆ ಗೊತ್ತಾಗದ ಹಾಗೆ, ನಾನು ಅನುವಾದದ ಆ್ಯಪ್ ಹಿಡಿದು ಆಕೆಗೆ ನೇರವಾಗಿ ಕೇಳಿದೆ: ಆ ದಿನ ಮೊದಲು ಬೆಲ್ ಒತ್ತಿದ್ದು ಯಾರು? ಉತ್ತರವಾಗಿ ಮಾತು ಬರಲಿಲ್ಲ, ಫೋಟೊ ಬಂತು. ಕಾರಿಡಾರು ದಾಟುವ ಮೊದಲು ಪ್ರತಿ ತಟ್ಟೆಯ ಫೋಟೊ ತೆಗೆದು ಆಕೆ ಹಳ್ಳಿಯಲ್ಲಿದ್ದ ತನ್ನ ತಾಯಿಗೆ ಕಳಿಸುತ್ತಿದ್ದಳಂತೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿತ್ರದ ಮೇಲೆ ನಮೂದಾದ ದಿನಾಂಕ ನನ್ನ ಮಗಳು ಹುಟ್ಟಿದ ದಿನದ್ದು. ಹೊತ್ತು, ನನ್ನ ಫೋನಿಗೆ ಮೊದಲ ಮಿಸ್ಡ್ ಕಾಲ್ ಬಂದದ್ದಕ್ಕಿಂತ ಸ್ವಲ್ಪ ಮುಂಚಿನದು. ಸ್ಟೀಲ್ ತಟ್ಟೆ ತುಂಬ ಜಿಯಾವ್‌ಜಿ, ಹಿಡಿದ ಎಡಗೈಯ ಹೆಬ್ಬೆಟ್ಟು, ಹಿಂದೆ ನಮ್ಮ ಬಾಗಿಲು. ಬಾಗಿಲು ಇನ್ನೂ ಮುಚ್ಚಿದೆ.